ಶಾಫ್ಟಿನ ಹನಿ ನಿಲ್ಲಿಸುವ ಮುನ್ನ

ದೋಣಿಯೊಳಗೆ ಎಂಜಿನ್ ಕೂರಿಸಿದ ಮೇಲೆ ಅದರ ತಳದಲ್ಲೊಂದು ತೂತು ಕೊರೆಯದೆ ವಿಧಿಯಿಲ್ಲ. ಎಂಜಿನ್ ಒಳಗೆ, ಫ್ಯಾನ್ ಅಂದರೆ ಪ್ರೊಪೆಲ್ಲರ್ ಹೊರಗೆ. ಎರಡನ್ನೂ ಜೋಡಿಸುವ ಉಕ್ಕಿನ ಶಾಫ್ಟ್ ನೀರಿನ ಮಟ್ಟಕ್ಕಿಂತ ಕೆಳಗಿರುವ ಆ ತೂತಿನಲ್ಲೇ ಹಾಯಬೇಕು, ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸುತ್ತು ತಿರುಗಬೇಕು, ಕಡಲನ್ನು ಮಾತ್ರ ಒಳಗೆ ಬಿಡಬಾರದು. 1836ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮತ್ತು ಜಾನ್ ಎರಿಕ್ಸನ್ ಬೇರೆ ಬೇರೆಯಾಗಿ ಪ್ರೊಪೆಲ್ಲರಿಗೆ ಪೇಟೆಂಟ್ ಪಡೆದಂದಿನಿಂದ ಈ ತೂತು ಹಡಗು ಕಟ್ಟುವವರ ಬೆನ್ನು ಬಿಟ್ಟಿಲ್ಲ. 1855ರ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆಯ ‘ರಾಯಲ್ ಆಲ್ಬರ್ಟ್’ ಎಂಬ 121 ತೋಪುಗಳ ಹಡಗಿಗೆ ಶಾಫ್ಟಿನ ಬುಡದಲ್ಲಿ ನೀರು ನುಗ್ಗಿ, ಮುಳುಗದೆ ಉಳಿಯಲು ಅದನ್ನು ಗ್ರೀಸಿನ ದ್ವೀಪವೊಂದರ ದಂಡೆಗೆ ಹತ್ತಿಸಬೇಕಾಯಿತು.

ಇಪ್ಪತ್ತೈದು ಅಡಿಯ ಹಾಯಿದೋಣಿಯ ಮಾಲೀಕನ ಮುಂದಿರುವುದೂ ಅದೇ ಪ್ರಶ್ನೆ. ಈಗ ಮಾರುಕಟ್ಟೆಯಲ್ಲಿ ಒಂದು ಹನಿಯೂ ಬೀಳದ ಸೀಲುಗಳು ಹಲವು ಬಗೆಯವು ಸಿಗುತ್ತವೆ. ಶಿರೂರಿನಂಥ ಅಳಿವೆಯಲ್ಲಿ ದೋಣಿ ಇಡುವವರು ಅವುಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸಿದ ಮೇಲೆ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಶಿರೂರು ಉಡುಪಿ ಜಿಲ್ಲೆಯ ಬಡಗಣ ತುದಿ. ಹೆದ್ದಾರಿ 66ರಲ್ಲಿ ಅದನ್ನು ದಾಟಿದರೆ ಗೊರ್ಟೆ, ಅಲ್ಲಿಂದ ಭಟ್ಕಳ ತಾಲ್ಲೂಕು. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು. ನಾನು ಹೇಳುತ್ತಿರುವುದು ಬೈಂದೂರು ತಾಲ್ಲೂಕಿನ ಶಿರೂರು. ಹಾಯಿ ಕಟ್ಟಿ ಹಡಗು ನಡೆಸಿದ ನಾಖುದಾ ಮನೆತನಗಳ ಊರಿದು. ಅಳ್ವೆಗದ್ದೆ, ಕಳಿಹಿತ್ಲು ಕಡೆ ಇಂದು ಕಾಣುವುದು ಹೆಚ್ಚಾಗಿ ನಾಡದೋಣಿಗಳು. ಅವುಗಳ ಎಂಜಿನ್ ಹಿಂಬದಿಯ ಹಲಗೆಗೆ ಹೊರಗಿನಿಂದಲೇ ತೂಗುಬಿಟ್ಟಿರುತ್ತದೆ; ತಳದಲ್ಲಿ ತೂತೂ ಇಲ್ಲ, ಸೀಲಿನ ಚಿಂತೆಯೂ ಇಲ್ಲ. ಒಳಗೇ ಡೀಸೆಲ್ ಎಂಜಿನ್ ಕೂರಿಸಿ, ಶಾಫ್ಟ್ ಹಾಯಿಸಿದ ಬೋಟುಗಳನ್ನು ನೋಡಬೇಕಾದರೆ ದಕ್ಷಿಣಕ್ಕೆ ಗಂಗೊಳ್ಳಿಗೋ ಮಲ್ಪೆಗೋ, ಬಡಗಕ್ಕೆ ಭಟ್ಕಳಕ್ಕೋ ಹೋಗಬೇಕು.

ಆದ್ದರಿಂದ ಮೊದಲ ಸಲಹೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಯಿದೋಣಿ ಇಪ್ಪತ್ತು ಅಡಿಗಿಂತ ಚಿಕ್ಕದಾಗಿದ್ದರೆ, ದಡ ಕಾಣುವಷ್ಟು ದೂರದಲ್ಲೇ ಓಡಾಡುವುದಾದರೆ, ನಾಡದೋಣಿಯವರ ದಾರಿಯೇ ಸರಿ. ಒಂದು ಔಟ್‌ಬೋರ್ಡ್ ತೂಗುಬಿಡಿ, ತಳಕ್ಕೆ ತೂತು ಕೊರೆಯಬೇಡಿ. ಅದಕ್ಕಿಂತ ದೊಡ್ಡ ದೋಣಿಗೆ ಈ ಉಪಾಯ ಅಷ್ಟು ಒಗ್ಗುವುದಿಲ್ಲ. ಉಬ್ಬರದ ಅಲೆಗೆ ಹಿಂಬದಿ ಎದ್ದಾಗ ಔಟ್‌ಬೋರ್ಡಿನ ಫ್ಯಾನ್ ನೀರು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಅಳಿವೆ ದಾಟುವ ಹೊತ್ತಿನಲ್ಲಿ ಹಾಗಾದರೆ ದೋಣಿ ಅಡ್ಡ ತಿರುಗೀತು. ಅಲ್ಲಿ ಒಳಗಿನ ಡೀಸೆಲ್ ಎಂಜಿನ್ ಬೇಕೆನಿಸುತ್ತದೆ, ಅದರ ಜೊತೆಗೆ ಶಾಫ್ಟೂ ಬರುತ್ತದೆ.

ನಮ್ಮ ಕರಾವಳಿಯಲ್ಲಿ ವಿಹಾರದ ಹಾಯಿದೋಣಿಗಳು ಅಪರೂಪ, ನಿಜ. ಆದರೆ ಗೋವಾದ ದಿವಾಡಿ ದ್ವೀಪದ ಯಾರ್ಡಿನಲ್ಲಿ 2009ರ ‘ಮ್ಹಾದೇಯಿ’, 2017ರ ‘ತಾರಿಣಿ’ ತಯಾರಾದವು. ಅವುಗಳ ಮೇಲೆ ಭಾರತೀಯರು ಭೂಮಿಯನ್ನೇ ಸುತ್ತಿ ಬಂದರು. ಸಾಧಾರಣ ಗಾಳಿ ಸಿಕ್ಕರೆ ಅಲ್ಲಿಂದ ಶಿರೂರಿಗೆ ಹಾಯಿಯಲ್ಲಿ ಒಂದು ಹಗಲು ಒಂದು ರಾತ್ರಿಯ ಹಾದಿ. ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ಹಾಯಿಯ ಕಾಲವನ್ನು ಕಂಡು, ಆಮೇಲೆ ಎಂಜಿನ್ ಇರಿಸಿಕೊಂಡವೇ. ಮಂಜಿಯಾಗಲಿ ಟ್ರಾಲ್ ಬೋಟಾಗಲಿ ವಿಹಾರದೋಣಿಯಾಗಲಿ, ಶಾಫ್ಟ್ ಹಾಯುವ ಜಾಗದ ಕಷ್ಟ ಒಂದೇ.

ಗ್ಲ್ಯಾಂಡ್ ರೋಪಿನ ಲೆಕ್ಕ

ಹಳೆಯ ಪರಿಹಾರ ತೋಟದ ಪಂಪ್‌ಸೆಟ್ ಇಟ್ಟವರಿಗೆಲ್ಲ ಗೊತ್ತಿರುವಂಥದ್ದೇ. ಪಂಪಿನ ಶಾಫ್ಟ್ ಹೊರಬರುವಲ್ಲಿ ಗ್ಲ್ಯಾಂಡ್ ರೋಪ್ ಸುತ್ತಿ, ಮೇಲಿಂದ ನಟ್ ಬಿಗಿದು, ಹನಿಹನಿ ನೀರು ಬೀಳುವಷ್ಟಕ್ಕೆ ಬಿಡುತ್ತೇವಲ್ಲ, ದೋಣಿಯ ಸ್ಟಫಿಂಗ್ ಬಾಕ್ಸೂ ಅದೇ. ಶಾಫ್ಟ್ ಹಾಯುವ ಕೊಳವೆಯ ಒಳತುದಿಗೆ ದಪ್ಪ ರಬ್ಬರ್ ಹೋಸಿನ ತುಂಡು, ಅದಕ್ಕೆ ಕಚ್ಚಿದ ಹಿತ್ತಾಳೆಯ ಅಥವಾ ಕಂಚಿನ ಪೆಟ್ಟಿಗೆ, ಅದರೊಳಗೆ ಶಾಫ್ಟನ್ನು ಸುತ್ತಿದ ಮೂರೋ ನಾಲ್ಕೋ ಪ್ಯಾಕಿಂಗ್ ಬಳೆಗಳು. ಎಣ್ಣೆ, ಮೇಣ ಹೀರಿಸಿದ ನಾರಿನ ಹೆಣಿಗೆ ಹಳೆಯ ಬಗೆ; ಟೆಫ್ಲಾನ್ ಹೀರಿಸಿದ್ದು ಹೊಸದು.

ಈ ಹನಿ ಕೆಟ್ಟ ಕೆಲಸದ ಗುರುತಲ್ಲ. ಉಜ್ಜುವ ಜಾಗವನ್ನು ತಂಪಾಗಿಡುವುದೂ ನುಣುಪಾಗಿಡುವುದೂ ಆ ನೀರೇ. ಎಂಜಿನ್ ಓಡುವಾಗ ನಿಮಿಷಕ್ಕೆ ನಾಲ್ಕಾರು ಹನಿ ಬೀಳಬೇಕು, ನಿಂತಾಗ ನಿಲ್ಲಬೇಕು. ಓಡಿಸಿದ ಮೇಲೆ ಪೆಟ್ಟಿಗೆಯನ್ನು ಕೈಯಲ್ಲಿ ಮುಟ್ಟಿ ನೋಡಿದರೆ ಉಗುರು ಬೆಚ್ಚಗಿರಬಹುದು, ಕೈ ಸುಡಬಾರದು. ಹನಿ ನಿಲ್ಲಲೇಬೇಕೆಂದು ನಟ್ಟನ್ನು ಬಿಗಿಯುತ್ತಾ ಹೋದರೆ ಪ್ಯಾಕಿಂಗ್ ಒಣಗಿ ಗಟ್ಟಿಯಾಗಿ ಶಾಫ್ಟನ್ನೇ ಕೊರೆಯುತ್ತದೆ. ಒಮ್ಮೆ ಗೀರು ಬಿದ್ದ ಶಾಫ್ಟಿಗೆ ಎಂಥ ಹೊಸ ಪ್ಯಾಕಿಂಗ್ ಹಾಕಿದರೂ ಸೋರಿಕೆ ನಿಲ್ಲದು.

ಎಂಜಿನ್ ನಿಂತಾಗಲೂ ಹನಿ ನಿಲ್ಲದಿದ್ದರೆ ಎಷ್ಟು ನೀರು ಬರುತ್ತದೆಂದು ಲೆಕ್ಕ ಹಾಕಿ ನೋಡಿ. ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ 10 ಹನಿಯಾದರೆ ದಿನಕ್ಕೆ 720 ಮಿಲಿಲೀಟರ್, ಮುಕ್ಕಾಲು ಲೀಟರಿಗೂ ಕಡಿಮೆ. ನಿಮಿಷಕ್ಕೆ 60 ಹನಿಯಾದರೆ ದಿನಕ್ಕೆ 4.3 ಲೀಟರ್. ಪ್ರತಿದಿನ ಜನ ಹತ್ತುವ ಮೀನುಗಾರಿಕೆ ಬೋಟಿಗೆ ಇದು ಲೆಕ್ಕಕ್ಕೇ ಇಲ್ಲದ ನೀರು. ಪಂಪ್ ಒತ್ತಿದರೆ ಮುಗಿಯಿತು. ಆದರೆ ಮಾಲೀಕ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇದ್ದು, ತಿಂಗಳುಗಟ್ಟಲೆ ಅಳಿವೆಯೊಳಗೆ ಕಟ್ಟಿಹಾಕಿದ ಹಾಯಿದೋಣಿಗೆ ತಿಂಗಳಿಗೆ 130 ಲೀಟರ್ ಉಪ್ಪುನೀರು ಸೇರುವುದು ಸಣ್ಣ ಮಾತಲ್ಲ. ಬ್ಯಾಟರಿ ಇಳಿದು ಪಂಪ್ ನಿಂತಿತೆಂದರೆ ಕೇಳುವವರೇ ಇಲ್ಲ. ಹನಿ ಬೀಳದ ಸೀಲಿನ ಆಸೆ ಹುಟ್ಟುವುದು ಇಲ್ಲಿಂದ. ಇನ್ನೊಂದು ಕಾರಣವೂ ಇದೆ: ತಳದ ನೀರಿನ ಜೊತೆ ಎಂಜಿನ್ನಿನ ಎಣ್ಣೆ ಬೆರೆತು ಪಂಪಿನ ಮೂಲಕ ಹೊಳೆಗೆ ಹೋಗುತ್ತದೆ. ನೀರೇ ಸೇರದಿದ್ದರೆ ಆ ಜಿಡ್ಡೂ ಹೊಳೆಗೆ ಹೋಗದು. ಮರಿಮೀನು, ಸಿಗಡಿ, ಕಲ್ವ ಬೆಳೆಯುವ ನಮ್ಮ ಅಳಿವೆಗಳ ಬಗ್ಗೆ ಕಾಳಜಿ ಇರುವವರಿಗೆ ಈ ಎರಡನೆಯ ಕಾರಣವೇ ದೊಡ್ಡದೆನಿಸಬಹುದು.

ಪ್ಯಾಕಿಂಗೇ ಸಾಕೆನ್ನುವವರಿಗೆ ಒಂದು ಎಚ್ಚರಿಕೆ. ಪಂಪಿನ ಅಂಗಡಿಗಳಲ್ಲಿ ಸಿಗುವ ಕಪ್ಪು ಗ್ರಾಫೈಟ್ ರೋಪನ್ನು ದೋಣಿಗೆ ಹಾಕಬೇಡಿ. ಸಿಹಿನೀರಿನ ಪಂಪಿಗೆ ಅದು ಒಳ್ಳೆಯದೇ. ಉಪ್ಪುನೀರಿನಲ್ಲಿ ಗ್ರಾಫೈಟೂ ಸ್ಟೇನ್‌ಲೆಸ್ ಉಕ್ಕೂ ತಾಗಿಕೊಂಡಿದ್ದರೆ ಸಣ್ಣ ಬ್ಯಾಟರಿಯೇ ಹುಟ್ಟಿ ಶಾಫ್ಟಿನಲ್ಲಿ ಗುಳಿಗಳು ಬೀಳುತ್ತವೆ. ಬಿಳಿಯ ಟೆಫ್ಲಾನ್ ಹೆಣಿಗೆಯನ್ನೇ ಕೇಳಿ ತನ್ನಿ. ಪ್ರತಿ ಬಳೆಯನ್ನೂ ಓರೆಯಾಗಿ ಕತ್ತರಿಸಿ, ಒಂದರ ಜೋಡಣೆಯ ಮೇಲೆ ಇನ್ನೊಂದರದು ಬಾರದ ಹಾಗೆ ತಿರುಗಿಸಿ ಕೂರಿಸಬೇಕು. ಉದ್ದಕ್ಕೆ ಸುರುಳಿ ಸುತ್ತಿಬಿಟ್ಟರೆ ನೀರು ಆ ಸುರುಳಿಯ ದಾರಿ ಹಿಡಿದೇ ಒಳಗೆ ಬರುತ್ತದೆ.

ಎರಡು ಬಗೆಯ ಸೀಲು

ಹನಿ ಬೀಳದ ಸೀಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ಫೇಸ್ ಸೀಲ್. ಮನೆಯ ಮಾನೊಬ್ಲಾಕ್ ಪಂಪಿನಲ್ಲಿ ಗ್ಲ್ಯಾಂಡ್ ರೋಪಿನ ಬದಲು ಮೆಕ್ಯಾನಿಕಲ್ ಸೀಲ್ ಇರುತ್ತದೆ. ಅದನ್ನು ಬದಲಾಯಿಸಿದ ಮೆಕ್ಯಾನಿಕ್‌ಗೆ ಇದರ ತತ್ವವನ್ನು ಹೊಸದಾಗಿ ಹೇಳಬೇಕಿಲ್ಲ. ಶಾಫ್ಟ್ ಕೊಳವೆಯ ತುದಿಗೆ ಮಡಿಕೆ ಮಡಿಕೆಯ ರಬ್ಬರ್ ಬೆಲೋಸ್, ಅದರ ಬಾಯಲ್ಲಿ ಕಾರ್ಬನ್ನಿನ ದಪ್ಪ ಬಳೆ. ಈ ಬಳೆ ತಿರುಗುವುದಿಲ್ಲ. ಅದಕ್ಕೆ ಎದುರಾಗಿ ಶಾಫ್ಟಿಗೇ ಬಿಗಿದ ಸ್ಟೇನ್‌ಲೆಸ್ ಉಕ್ಕಿನ ರೋಟರ್. ಇದು ಶಾಫ್ಟಿನ ಜೊತೆ ತಿರುಗುತ್ತದೆ. ಕೂರಿಸುವಾಗ ಬೆಲೋಸನ್ನು ಒತ್ತಿ ಹಿಡಿದು ರೋಟರನ್ನು ಬಿಗಿಯುವುದರಿಂದ ಕಾರ್ಬನ್ನಿನ ನುಣುಪು ಮುಖ ಉಕ್ಕಿನ ನುಣುಪು ಮುಖಕ್ಕೆ ಸದಾ ಒತ್ತಿಕೊಂಡಿರುತ್ತದೆ. ನಡುವೆ ನೀರಿನ ತೆಳುಪೊರೆಯೊಂದು ನುಣುಪು ಕೊಡುತ್ತದೆ, ಹನಿ ಹೊರಬೀಳುವುದಿಲ್ಲ. ಅಮೆರಿಕದ ಪಿವೈಐ ಕಂಪನಿಯ ಪಿಎಸ್ಎಸ್ ಈ ಬಗೆಯಲ್ಲಿ ಹೆಸರಾದದ್ದು.

ಇದರ ದೊಡ್ಡ ಗುಣವೆಂದರೆ ಶಾಫ್ಟಿನ ಮೈಯನ್ನು ಇದು ಉಜ್ಜುವುದಿಲ್ಲ. ಹಳೆಯ ಪ್ಯಾಕಿಂಗ್ ಶಾಫ್ಟನ್ನು ಒಂದೆಡೆ ಸವೆಸಿದ್ದರೂ, ರೋಟರ್ ಕೂರುವ ಜಾಗ ನುಣುಪಾಗಿದ್ದರೆ ಸಾಕು. ಶಾಫ್ಟ್ ಅಲ್ಪಸ್ವಲ್ಪ ಅಲುಗಿದರೂ ಬೆಲೋಸ್ ತಡೆದುಕೊಳ್ಳುತ್ತದೆ.

ದೊಡ್ಡ ದೋಷ ಇರುವುದೂ ಅದೇ ಬೆಲೋಸಿನಲ್ಲಿ. ರಬ್ಬರು ಹಳತಾಗುತ್ತದೆ, ಡೀಸೆಲ್, ಎಣ್ಣೆ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ಆರು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವುದು ವಾಡಿಕೆ. ಇನ್ನೊಂದು ದೋಷ ರೋಟರನ್ನು ಹಿಡಿದಿರುವ ಸಣ್ಣ ತಿರುಪುಗಳದು. ಅವು ಸಡಿಲವಾದರೆ ರೋಟರ್ ಜಾರುತ್ತದೆ, ಮುಖ ಬಿಡುತ್ತದೆ, ನೀರು ಚಿಮ್ಮುತ್ತದೆ. ಒಮ್ಮೆ ಬಿಗಿದು ತೆಗೆದ ತಿರುಪನ್ನು ಮತ್ತೆ ಬಳಸಬಾರದು. ರೋಟರಿನ ಮುಂದೆ ಶಾಫ್ಟಿಗೆ ಒಂದು ಕಾಲರ್ ಬಿಗಿದಿಟ್ಟರೆ ತಿರುಪು ಕೈಕೊಟ್ಟರೂ ರೋಟರ್ ಜಾರಲಾರದು. ಅಷ್ಟು ಸಣ್ಣ ಖರ್ಚಿಗೆ ಅಷ್ಟು ದೊಡ್ಡ ರಕ್ಷಣೆ ದೋಣಿಯಲ್ಲಿ ಬೇರೊಂದಿಲ್ಲ.

ಎಂಜಿನ್ನಿನ ರಬ್ಬರ್ ಮೌಂಟಿಂಗನ್ನೂ ಇಲ್ಲಿ ಮರೆಯುವಂತಿಲ್ಲ. ಮುಂದಕ್ಕೆ ಓಡಿಸುವಾಗ ಫ್ಯಾನ್ ಶಾಫ್ಟನ್ನು ಎಂಜಿನ್ ಕಡೆಗೆ ತಳ್ಳುತ್ತದೆ. ಮೌಂಟಿಂಗ್ ಹಳತಾಗಿ ಮೆತ್ತಗಾಗಿದ್ದರೆ ಎಂಜಿನ್ನೂ ಶಾಫ್ಟೂ ರೋಟರೂ ಒಟ್ಟಾಗಿ ಮುಂದೆ ಸರಿದು, ಕಾರ್ಬನ್ ಮುಖದ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಧಕ್ಕೆಯಲ್ಲಿ ನಿಂತಾಗ ಒಣಗಿರುವ ಸೀಲು ಕಡಲಲ್ಲಿ ಪೂರ್ಣ ವೇಗದಲ್ಲಿ ಮಾತ್ರ ಸೋರುತ್ತದೆಂದರೆ ಮೊದಲು ಮೌಂಟಿಂಗನ್ನೇ ನೋಡಿ.

ಎರಡನೆಯ ಜಾತಿ ಲಿಪ್ ಸೀಲ್. ಶಾಫ್ಟಿನ ಮೈಗೆ ರಬ್ಬರಿನ ತೆಳು ಅಂಚು ಸುತ್ತಲೂ ಅಪ್ಪಿಕೊಂಡು ನೀರು ತಡೆಯುತ್ತದೆ. ಟೈಡ್ಸ್ ಮರೀನ್ ಕಂಪನಿಯವು ಗಟ್ಟಿ ಕವಚದೊಳಗೆ ಕೂರುವಂಥವು, ಎಂಜಿನ್ನಿನ ತಂಪುನೀರಿನ ಸಾಲಿನಿಂದ ಒಂದು ಸಣ್ಣ ಹೋಸ್ ಎಳೆದು ಇವಕ್ಕೆ ನೀರು ಕೊಡಬೇಕು. ಬಿಡಿ ಸೀಲೊಂದನ್ನು ಮುಂಚೆಯೇ ಶಾಫ್ಟಿಗೆ ಪೋಣಿಸಿಡುವ ಅನುಕೂಲ ಇವುಗಳಲ್ಲಿದೆ. ಮೊದಲನೆಯದು ಸವೆದಾಗ ಶಾಫ್ಟ್ ಬಿಚ್ಚದೆಯೇ ಎರಡನೆಯದನ್ನು ಜಾರಿಸಿ ಕೂರಿಸಬಹುದು. ವೋಲ್ವೊ ಪೆಂಟಾದ್ದು ಇನ್ನೂ ಸರಳ: ಇಡೀ ಸೀಲೇ ಒಂದು ರಬ್ಬರಿನ ತುಂಡು. ಒಂದು ಕ್ಲಿಪ್ಪಿನಲ್ಲಿ ಕೊಳವೆಗೆ ಕಚ್ಚಿಸಿ, 200 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ನೀರಿಗೆ ಕರಗದ ಗ್ರೀಸು ಒಂದಿಷ್ಟು ತುಂಬಿದರೆ ಆಯಿತು. ಐದು ವರ್ಷಕ್ಕೊಮ್ಮೆ ಬದಲಾವಣೆ. ಬೆಲೆಯಲ್ಲೂ ಫೇಸ್ ಸೀಲಿಗಿಂತ ಇದು ಎಷ್ಟೋ ಕಡಿಮೆ.

ಆದರೆ ಲಿಪ್ ಸೀಲಿಗೆ ಶಾಫ್ಟಿನ ಮೈ ಕನ್ನಡಿಯಷ್ಟು ನುಣುಪಿರಬೇಕು. ಪ್ಯಾಕಿಂಗ್ ಕೊರೆದ ಹಳೆಯ ಶಾಫ್ಟಿನ ಮೇಲೆ ಅದು ನಿಲ್ಲದು. ನೀರಿಲ್ಲದೆ ಒಣಗಿ ತಿರುಗಿದರೆ ಅಂಚು ಸುಟ್ಟುಹೋಗುತ್ತದೆ. ದೋಣಿಯನ್ನು ನೀರಿಗಿಳಿಸಿದಾಗ ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡಿರುವುದರಿಂದ, ಎಂಜಿನ್ ಹಚ್ಚುವ ಮೊದಲು ಸೀಲಿನ ರಬ್ಬರನ್ನು ಬೆರಳಲ್ಲಿ ಅಮುಕಿ ಗಾಳಿ ಬಿಡಬೇಕು. ನೀರು ಚಿಮ್ಮಿದ ಮೇಲೆಯೇ ಶಾಫ್ಟ್ ತಿರುಗಬೇಕು. ಹೊರಗಿನಿಂದ ನೀರಿನ ಹೋಸ್ ಕೊಡದ ಫೇಸ್ ಸೀಲಿಗೂ ಇದೇ ಕ್ರಮ: ಬೆಲೋಸನ್ನು ತುಸು ಹಿಂದಕ್ಕೆ ಜಗ್ಗಿ ಗಾಳಿ ಹೊರಬಿಡಬೇಕು.

ಅಳಿವೆಯ ಮರಳು, ಎರಡು ತಿಂಗಳ ರಜೆ

ಸೀಲಿನ ಜೊತೆ ಬರುವ ಕೈಪಿಡಿಗಳನ್ನು ಬರೆಯುವವರ ಕಣ್ಣ ಮುಂದಿರುವುದು ಯುರೋಪು, ಅಮೆರಿಕದ ಮರೀನಾಗಳ ತಿಳಿನೀರು. ನಮ್ಮ ಸ್ಥಿತಿ ಬೇರೆ.

ಶಿರೂರಿನಿಂದ ಗಂಗೊಳ್ಳಿಯವರೆಗೆ ಹೊಳೆ ಕಡಲು ಸೇರುವಲ್ಲೆಲ್ಲ ಹೂಳಿನದೇ ಕಾಟ. ಪಂಚಗಂಗಾವಳಿಯ ಐದು ನದಿಗಳ ನೀರು ಒಟ್ಟಾಗಿ ಕಡಲಿಗೆ ಬೀಳುವ ಗಂಗೊಳ್ಳಿಯ ಅಳಿವೆಯಲ್ಲೇ ಹೂಳೆತ್ತಬೇಕೆಂಬ ಬೇಡಿಕೆ ಮತ್ತೆ ಮತ್ತೆ ಏಳುತ್ತದೆ. ಚಿಕ್ಕ ಅಳಿವೆಗಳ ಪಾಡು ಕೇಳುವುದೇ ಬೇಡ. ಇಳಿತದ ಹೊತ್ತಿಗೆ ಮರಳದಿಬ್ಬ ದಾಟುವಾಗ ಫ್ಯಾನ್ ಮರಳು ಕದಡುತ್ತದೆ, ಆ ಕೆಸರುನೀರು ಶಾಫ್ಟಿನ ಕೊಳವೆಯೊಳಗೂ ಬರುತ್ತದೆ. ಮೊದಲು ಸವೆಯುವುದು ಹೊರತುದಿಯ ಕಟ್‌ಲೆಸ್ ಬೇರಿಂಗಿನ ರಬ್ಬರು. ಅದು ಸವೆದರೆ ಶಾಫ್ಟ್ ಅದುರುತ್ತದೆ, ಅದುರುವ ಶಾಫ್ಟ್ ಯಾವ ಸೀಲನ್ನೂ ಉಳಿಸದು. ಲಿಪ್ ಸೀಲಿನ ಅಂಚಿಗೆ ಮರಳಿನ ಕಣ ಸಿಕ್ಕಿಕೊಂಡರೆ ರಬ್ಬರು ಮಾತ್ರವಲ್ಲ, ಶಾಫ್ಟೂ ಸವೆದು ಸುತ್ತಲೂ ಗೀರು ಬೀಳುತ್ತದೆ. ಫೇಸ್ ಸೀಲಿನ ರೋಟರ್ ತಿರುಗುವಾಗ ನೀರನ್ನೂ ಕಣಗಳನ್ನೂ ಹೊರಕ್ಕೆ ಎಸೆಯುವುದರಿಂದ ಅದು ಹೂಳುನೀರಿಗೆ ಸ್ವಲ್ಪ ಹೆಚ್ಚು ತಾಳುತ್ತದೆ.

ಇನ್ನು ರಜೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿವರೆಗಿನ ಮೋಟರಿನ ನಾಡದೋಣಿಗಳಿಗೆ ವಿನಾಯಿತಿ. ಈ ಕಾನೂನು ವಿಹಾರದ ಹಾಯಿದೋಣಿಯನ್ನು ತಡೆಯುವುದಿಲ್ಲ, ಆದರೆ ಆಷಾಢದ ಕಡಲು ತಡೆಯುತ್ತದೆ. ಎರಡು ತಿಂಗಳು ತಿರುಗದೆ ನಿಂತ ಶಾಫ್ಟಿನಲ್ಲಿ ಕಾರ್ಬನ್ ಮುಖ ಉಕ್ಕಿಗೆ ಅಂಟಿಕೊಳ್ಳಬಹುದು, ಕೊಳವೆಯೊಳಗೆ ಚಿಪ್ಪುಹುಳ ಬೆಳೆಯಬಹುದು. ದೋಣಿಯನ್ನು ದಡಕ್ಕೆಳೆದಿಟ್ಟಿದ್ದರೆ ಸೀಲಿನ ರಬ್ಬರು ಒಣಗುತ್ತದೆ. ಆಗಸ್ಟಿನಲ್ಲಿ ಕೀಲಿ ತಿರುಗಿಸಿ ನೇರವಾಗಿ ಹೊರಡುವುದೆಂದರೆ ಸೀಲನ್ನು ಕೈಯಾರೆ ಹರಿದಂತೆ. ಮೊದಲು ಶಾಫ್ಟನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ, ಗಾಳಿ ಬಿಟ್ಟು, ಧಕ್ಕೆಗೆ ಕಟ್ಟಿದಲ್ಲೇ ಅರ್ಧ ಗಂಟೆ ಓಡಿಸಿ, ಸೀಲಿನ ಪಕ್ಕದಲ್ಲೇ ಕೂತು ನೋಡಬೇಕು.

ಮೂರನೆಯದು ಬಲೆ. ದಡದ ಹತ್ತಿರ ಹಾಸಿದ ಬಲೆಗಳು, ಹರಿದು ತೇಲುವ ನೈಲಾನ್ ಹಗ್ಗದ ತುಂಡುಗಳು ನಮ್ಮ ಕಡಲಿನ ತುಂಬ. ಫ್ಯಾನಿಗೆ ಹಗ್ಗ ಸುತ್ತಿದರೆ ಶಾಫ್ಟ್ ಒಮ್ಮೆಲೇ ನಿಲ್ಲುತ್ತದೆ, ಎಂಜಿನ್ ಮೌಂಟಿಂಗಿನ ಮೇಲೆ ಎಗರುತ್ತದೆ. ಆ ಏಟಿಗೆ ಹಳೆಯ ಬೆಲೋಸೋ ಹೋಸೋ ಹರಿಯಬಹುದು. ಶಾಫ್ಟಿಗೆ ಹಗ್ಗ ಕತ್ತರಿಸುವ ಅಲಗು ಹಾಕಿಸಿ ಎಂದು ಸಲಹೆ ಕೊಡುವವರಿದ್ದಾರೆ. ಮರವಂತೆಯಿಂದ ಶಿರೂರಿನವರೆಗಿನ ದಡದಲ್ಲಿ ನಾನದನ್ನು ಒಪ್ಪುವುದಿಲ್ಲ. ಅಲ್ಲಿ ಕತ್ತರಿಸಿ ಹೋಗುವುದು ಯಾರದೋ ಮನೆಯ ಅನ್ನದ ಬಲೆ. ಬೆಳಕಿರುವಾಗಲೇ ಅಳಿವೆ ದಾಟಿ, ಬೆಂಡು ಕಂಡಲ್ಲಿ ಸುತ್ತುಹಾಕಿ ಹೋಗುವುದು ಮರ್ಯಾದೆ.

ಸೀಲು ಪೂರ್ತಿ ಕೈಕೊಟ್ಟರೆ ಏನಾಗುತ್ತದೆಂಬ ಲೆಕ್ಕವನ್ನೂ ಮಾಡಿಬಿಡೋಣ. 38 ಮಿಲಿಮೀಟರ್ ಒಳವ್ಯಾಸದ ಕೊಳವೆ, ಅದರಲ್ಲಿ 25 ಮಿಲಿಮೀಟರಿನ ಶಾಫ್ಟ್, ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಎಂದಿಟ್ಟುಕೊಳ್ಳಿ. ಬೆಲೋಸ್ ಕಳಚಿಬಿದ್ದರೆ ಶಾಫ್ಟಿನ ಸುತ್ತಲ ಸಂದಿನಿಂದ ನಿಮಿಷಕ್ಕೆ ಸುಮಾರು 70 ಲೀಟರ್ ನೀರು ನುಗ್ಗುತ್ತದೆ. ಸಣ್ಣ ದೋಣಿಗೆ ಸಾಮಾನ್ಯವಾಗಿ ಹಾಕುವ ಗಂಟೆಗೆ 1100 ಗ್ಯಾಲನ್ನಿನ ಪಂಪ್ ಕಾಗದದ ಮೇಲೆ ಎತ್ತುವುದೂ ನಿಮಿಷಕ್ಕೆ 69 ಲೀಟರನ್ನೇ. ಹೋಸಿನ ಏರು, ಬ್ಯಾಟರಿಯ ಇಳಿತ ಸೇರಿದರೆ ನಿಜದಲ್ಲಿ ಅದಕ್ಕಿಂತ ಬಹಳ ಕಡಿಮೆ. ಪಂಪನ್ನೇ ನಂಬಿ ಕೂತರೆ ನೀರೇ ಗೆಲ್ಲುತ್ತದೆ.

ಪ್ಯಾಕಿಂಗಿನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಅದು ಕೆಡುವುದು ನಿಧಾನವಾಗಿ, ಕೆಡುವಾಗ ಹನಿ ಹೆಚ್ಚಿಸಿ ತಿಳಿಸುತ್ತದೆ. ನಡುಗಡಲಲ್ಲಿ ಎರಡು ಸ್ಪ್ಯಾನರಿನಿಂದ ಬಿಗಿದುಕೊಂಡು ದಡ ಸೇರಬಹುದು. ಪರ್ಸೀನ್, ಟ್ರಾಲ್ ಬೋಟಿನ ತಾಂಡೇಲರು ಇನ್ನೂ ಅದನ್ನೇ ನೆಚ್ಚಿಕೊಂಡಿರುವುದರಲ್ಲಿ ಪೂರ್ಣ ವಿವೇಕವಿದೆ, ಅವರಿಗೆ ಬದಲಾಯಿಸಿ ಎಂದು ನಾನು ಹೇಳಲಾರೆ. ಹನಿ ಬೀಳದ ಸೀಲು ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಕೆಟ್ಟರೆ ಮುನ್ಸೂಚನೆ ಕೊಡದೆಯೂ ಕೆಡಬಹುದು. ಹನಿ ಕೊಡುತ್ತಿದ್ದ ಸುದ್ದಿಯನ್ನು ಇನ್ನು ಮಾಲೀಕನ ಕಣ್ಣೇ ತರಬೇಕು. ತಳದಲ್ಲಿ ನೀರೇರಿದರೆ ಕೂಗುವ ಅಲಾರಾಂ ಒಂದನ್ನು ಸೀಲಿನ ಜೊತೆಗೇ ಕೊಳ್ಳಬೇಕು. ಅಲಾರಾಂಗೆ ದುಡ್ಡಿಲ್ಲವೆನ್ನುವವರು ಈ ಸೀಲಿನ ತಂಟೆಗೇ ಹೋಗಬಾರದು.

ಹಾಗಾದರೆ ಯಾವುದು?

ಹತ್ತರಿಂದ ಇಪ್ಪತ್ತು ಅಶ್ವಶಕ್ತಿಯ ಡೀಸೆಲ್, 25 ಅಥವಾ 30 ಮಿಲಿಮೀಟರಿನ ಶಾಫ್ಟ್, ಐದಾರು ನಾಟಿನ ವೇಗ. ಇಂಥ ಹಾಯಿದೋಣಿಗೆ ಹೊಸ ಶಾಫ್ಟ್ ಹಾಕಿಸುತ್ತಿದ್ದು, ದೋಣಿ ಹೆಚ್ಚಾಗಿ ತಿಳಿನೀರಿನಲ್ಲೇ ಇರುವುದಾದರೆ ಒಂದೇ ತುಂಡಿನ ರಬ್ಬರ್ ಲಿಪ್ ಸೀಲ್ ಸಾಕು. ಸರಳ, ಅಗ್ಗ, ಗ್ರೀಸ್ ತುಂಬುವುದನ್ನು ಯಾರೂ ಕಲಿಯಬಹುದು. ಆದರೆ ಶಿರೂರಿನ ಅಳಿವೆಯೊಳಗೆ ಇಟ್ಟು, ಮರಳದಿಬ್ಬ ದಾಟಿ ಹೋಗಿಬರುವ ದೋಣಿಗೆ, ಅದರಲ್ಲೂ ಕೈಬದಲಾದ ಹಳೆಯ ದೋಣಿಗೆ, ನನ್ನ ಮತ ಫೇಸ್ ಸೀಲಿಗೆ. ಶಾಫ್ಟ್ ಸವೆದಿದ್ದರೂ ಅದು ನಡೆಯುತ್ತದೆ, ಹೂಳನ್ನೂ ಹೆಚ್ಚು ತಾಳುತ್ತದೆ. ಕಾಲರ್ ಮಾತ್ರ ಕಡ್ಡಾಯ. ಹಾಯಿ ಬಿಚ್ಚಿ ಓಡುವಾಗ ನೀರಿನ ಸೆಳೆತಕ್ಕೆ ಫ್ಯಾನ್ ತಾನೇ ತಿರುಗುತ್ತಿರುತ್ತದೆ, ಎಂಜಿನ್ ನಿಂತಿರುವುದರಿಂದ ತಂಪುನೀರಿನ ಸಾಲು ಆಗ ಕೆಲಸ ಮಾಡುವುದಿಲ್ಲ. ಗೇರ್‌ಬಾಕ್ಸಿನ ಕೈಪಿಡಿ ಒಪ್ಪುವುದಾದರೆ ಗೇರ್ ಹಾಕಿ ಶಾಫ್ಟನ್ನು ನಿಲ್ಲಿಸಿಡುವುದು ಸೀಲಿಗೂ ಬೇರಿಂಗಿಗೂ ಒಳ್ಳೆಯದು.

ಬೆಲೆಯ ಅಂತರ ದೊಡ್ಡದು. ಪ್ಯಾಕಿಂಗಿಗೆ ನೂರಾರು ರೂಪಾಯಿ; ಆಮದಾದ ಫೇಸ್ ಸೀಲಿಗೆ ಹತ್ತಾರು ಸಾವಿರ. ಅದರ ಮೇಲೆ ಕೂರಿಸುವ ಕೆಲಸ. ಎರಡೂ ಬಗೆಯ ಸೀಲನ್ನು ಶಾಫ್ಟಿನ ತುದಿಯಿಂದಲೇ ಪೋಣಿಸಬೇಕಾದ್ದರಿಂದ ದೋಣಿಯನ್ನು ಮೇಲಕ್ಕೆಳೆಯಬೇಕು, ಗೇರ್‌ಬಾಕ್ಸಿನ ಕಪ್ಲಿಂಗ್ ಬಿಚ್ಚಬೇಕು. ತುಕ್ಕು ಹಿಡಿದು ಕಚ್ಚಿಕೊಂಡ ಕಪ್ಲಿಂಗ್ ಬಿಡಿಸುವುದೇ ಎಷ್ಟೋ ಸಲ ಇಡೀ ಕೆಲಸದ ಕಷ್ಟದ ಭಾಗ. ಹೇಗೂ ಬಿಚ್ಚಿದ ಮೇಲೆ ಕಟ್‌ಲೆಸ್ ಬೇರಿಂಗ್, ಮೌಂಟಿಂಗ್, ಹೋಸುಗಳನ್ನೂ ಅದೇ ಸಲ ಬದಲಾಯಿಸಿಬಿಡಿ. ಎಂಜಿನ್ ಮತ್ತು ಶಾಫ್ಟಿನ ನೇರವನ್ನು ದೋಣಿ ನೀರಿಗಿಳಿದ ಮೇಲೆ ಇನ್ನೊಮ್ಮೆ ನೋಡಬೇಕು. ನೆಲದ ಮೇಲೆ ಕೂತ ದೋಣಿಯ ಮೈ ನೀರಿನಲ್ಲಿ ತುಸು ಬದಲಾಗುತ್ತದೆ. ಹೋಸಿಗೆ ಪ್ರತಿ ತುದಿಯಲ್ಲೂ ಎರಡೆರಡು ಕ್ಲಿಪ್, ಅದೂ 316 ದರ್ಜೆಯ ಸ್ಟೇನ್‌ಲೆಸ್‌ನವು. ವಾಹನದ ಅಂಗಡಿಯ ಕ್ಲಿಪ್ಪಿನ ಪಟ್ಟಿ ಸ್ಟೇನ್‌ಲೆಸ್ ಆಗಿದ್ದರೂ ಒಳಗಿನ ತಿರುಪು ಬರೀ ಉಕ್ಕಿನದಾಗಿರುವುದುಂಟು, ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಅದು ತುಕ್ಕಾಗುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ದೋಣಿಯಲ್ಲಿ ಸದಾ ಇರಬೇಕಾದದ್ದು ಹೆಚ್ಚೇನಿಲ್ಲ: ಉದ್ದಕ್ಕೆ ಸೀಳಿದ ಸೈಕಲ್ ಟ್ಯೂಬಿನ ಪಟ್ಟಿ, ಗಟ್ಟಿ ದಾರ, ನಾಲ್ಕು ಕ್ಲಿಪ್, ಹಳೆಯ ಬಟ್ಟೆ. ಸೀಲು ಹರಿದರೆ ಎಂಜಿನ್ ನಿಲ್ಲಿಸಿ, ಸೋರುವ ಜಾಗಕ್ಕೆ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ ಬಿಗಿದರೆ ನೀರು ಬಹುಮಟ್ಟಿಗೆ ತಗ್ಗುತ್ತದೆ. ಶಾಫ್ಟ್ ಮತ್ತೆ ತಿರುಗುವಂತಿಲ್ಲ, ಆದರೆ ನಿಮ್ಮದು ಹಾಯಿದೋಣಿ. ಗಾಳಿ ಇದ್ದರೆ ದಡ ಸೇರಬಹುದು. ವಿಎಚ್‌ಎಫ್ ಇದ್ದರೆ 16ನೆಯ ಚಾನೆಲ್ಲಿನಲ್ಲಿ ಕರೆಯಿರಿ. ಮೊಬೈಲ್ ಸಿಗ್ನಲ್ ಇರುವಷ್ಟು ದೂರದಲ್ಲಿದ್ದರೆ ಕೋಸ್ಟ್ ಗಾರ್ಡಿಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093.

ಸೀಲು ತರಿಸುವ ಮೊದಲು ಗಂಗೊಳ್ಳಿಯ ಅಥವಾ ಮಲ್ಪೆಯ ಅನುಭವಿ ಬೋಟ್ ಮೆಕ್ಯಾನಿಕ್ ಒಬ್ಬರನ್ನು ದೋಣಿಗೆ ಕರೆತಂದು ತೋರಿಸಿ. ಶಾಫ್ಟಿನ ವ್ಯಾಸವನ್ನೂ ಕೊಳವೆಯ ಹೊರವ್ಯಾಸವನ್ನೂ ವರ್ನಿಯರಿನಲ್ಲಿ ಮೂರು ಕಡೆ ಅಳೆಸಿ ಬರೆದಿಟ್ಟುಕೊಳ್ಳಿ. ಒಂದಂಗುಲದ ಶಾಫ್ಟ್ 25.4 ಮಿಲಿಮೀಟರ್, 25ರ ಸೀಲು ಅದಕ್ಕೆ ಕೂರುವುದಿಲ್ಲ, ಒಂದಂಗುಲದ ಸೀಲು 25ರ ಶಾಫ್ಟಿನ ಮೇಲೆ ಸೋರುತ್ತದೆ.